ಭಾನುವಾರದ ಬಾಚಣಿಗೆ

ಕಳೆದ ಸಂಚಿಕೆಯಲ್ಲಿ ಬಾಲ್ಕನಿಯ ಕುಂಡದಲ್ಲಿ ಕರಿಬೇವನ್ನು ದೆಹಲಿಯ ಚಳಿಯಿಂದ ಉಳಿಸಿಕೊಂಡ ಪಾಡನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಮಿತ್ರರೊಬ್ಬರು ಸಂಘದ ಮೆಟ್ಟಿಲ ಮೇಲೆ ನಿಲ್ಲಿಸಿ, "ಗಿಡದ ಮಾತು ಸರಿ ಸ್ವಾಮಿ, ನಿಮ್ಮ ಮನೆಯ ಜಡೆ ನಾಯಿಯ ಸಮಾಚಾರ ಯಾವಾಗ ಬರೆಯುತ್ತೀರಿ?" ಎಂದರು. ಬರೆಯಲು ನನಗೆ ಸಂಕೋಚ. ಆ ಸಮಾಚಾರದಲ್ಲಿ ನನ್ನದೊಂದು ತಪ್ಪು ಸೇರಿಕೊಂಡಿದೆ.

ಗುಮಾಸ್ತನ ಮನೆಗೆ ಕಾಕರ್ ಸ್ಪಾನಿಯಲ್ ಬಂದದ್ದು ಹೇಗೆಂದು ಕೇಳುವಿರಿ. ಆರ್.ಕೆ. ಪುರಂನ ನಮ್ಮ ಕ್ವಾರ್ಟರ್ಸಿನ ಮೇಲಿನ ಮನೆಯವರಿಗೆ ದೂರದ ಊರಿಗೆ ವರ್ಗವಾಯಿತು. ಅವರು ಸೋಫಾವನ್ನು ಮಾರಿದರು, ನಾಯಿಯನ್ನು ನಮಗೆ ಕೊಟ್ಟರು. ನೆಲ ಗುಡಿಸುವಷ್ಟು ಉದ್ದದ ಅದರ ಕಿವಿಗಳನ್ನು ಕಂಡು ನನ್ನವಳು, ತೇಜಸ್ವಿಯವರ 'ಕರ್ವಾಲೊ' ಓದಿದವಳಾದ್ದರಿಂದ, 'ಕಿವಿ' ಎಂದೇ ಹೆಸರಿಟ್ಟಳು. ಆಗ ಊರಿನಿಂದ ಬಂದಿದ್ದ ಅಮ್ಮ ಮಾತ್ರ, "ನಡುಮನೆಯ ಹೊಸ್ತಿಲು ದಾಟಿದರೆ ನಾನು ಹಾಸನದ ರೈಲು ಹತ್ತುತ್ತೇನೆ" ಎಂದಳು. ಕಿವಿ ಮೂರನೆಯ ದಿನವೇ ಹೊಸ್ತಿಲು ದಾಟಿತು. ಅಮ್ಮ ರೈಲು ಹತ್ತಲಿಲ್ಲ.

ನಮ್ಮ ಮುಧೋಳದ ನಾಯಿಯಾಗಿದ್ದರೆ ಈ ಅಂಕಣದ ಅಗತ್ಯವೇ ಇರುತ್ತಿರಲಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಆ ನಾಯಿಗೆ ಮೈಗಂಟಿದ ಗಿಡ್ಡ ಕೂದಲು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸ್ಪಾನಿಯಲ್ ಹಾಗಲ್ಲ. ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುವುದಕ್ಕೆಂದು ಬೆಳೆಸಿದ ಜಾತಿ ಅದು. ಜಿಮ್ ಕಾರ್ಬೆಟ್ಟನ ರಾಬಿನ್ ಕೂಡ ಸ್ಪಾನಿಯಲ್ಲೇ. ಅದಕ್ಕೆ ಅವನು ಕೊಟ್ಟದ್ದು ಹದಿನೈದು ರೂಪಾಯಿ. ಈಗ ಆ ದುಡ್ಡಿಗೆ ಇಲ್ಲಿ ನಾಯಿಯ ಪಾರ್ಲರಿನ ಬಾಗಿಲೂ ತೆರೆಯುವುದಿಲ್ಲ. ಆದ್ದರಿಂದ ಮನೆಯಲ್ಲೇ ಬಾಚುವುದೆಂದು ತೀರ್ಮಾನಿಸಿ, ಆ ಕೆಲಸವನ್ನು ನಾನು ವಹಿಸಿಕೊಂಡೆ.

ವಹಿಸಿಕೊಂಡೆನೇ ಹೊರತು ಮಾಡಲಿಲ್ಲ. ಬೆನ್ನಿನ ಮೇಲೆ ನಾಲ್ಕು ಸಲ ಬ್ರಷ್ ಎಳೆದು, ಮೇಲ್ಪದರ ಮಿರುಗಿದರೆ ಸಾಕೆಂದು ಬಿಟ್ಟುಬಿಡುತ್ತಿದ್ದೆ. ಕಡತಕ್ಕೆ 'ನೋಡಲಾಗಿದೆ' ಎಂದು ಬರೆದು ಮುಂದೆ ಕಳಿಸಿದ ಹಾಗೆ. ಸಿಕ್ಕು ಕಟ್ಟುವುದು ಬೆನ್ನಿನಲ್ಲಲ್ಲ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಬೆರಳುಗಳ ನಡುವೆ. 2023ರ ಅಕ್ಟೋಬರಿನಲ್ಲಿ ಕಿವಿ ತಲೆಯನ್ನು ಎಡಕ್ಕೆ ವಾಲಿಸಿ ನಡೆಯತೊಡಗಿತು. ಎರಡು ದಿನ 'ಆಟ' ಎಂದುಕೊಂಡೆವು. ಮೂರನೆಯ ದಿನ ಊಟ ಬಿಟ್ಟಿತು. ಮಗಳು ಕಿವಿ ಮುಟ್ಟಹೋದರೆ, ಎಂದೂ ಗುರುಗುಟ್ಟದ್ದು ಅಂದು ಗುರುಗುಟ್ಟಿತು. ಪಶುವೈದ್ಯರು ಕಿವಿಯೆತ್ತಿ ನೋಡಿ, ಏನೂ ಹೇಳದೆ ಕತ್ತರಿ ಕೇಳಿದರು. ಕೂದಲು ಕಂಬಳಿಯಂತೆ ಗಂಟುಗಟ್ಟಿ ಕಿವಿಯ ಬಾಯನ್ನೇ ಮುಚ್ಚಿತ್ತು, ಒಳಗೆ ಕೀವು, ಅದರ ಆಳದಲ್ಲಿ ಪಾರ್ಕಿನ ಊಬಿನ ಹುಲ್ಲಿನ ಒಂದು ಮುಳ್ಳು. ಊಬಿಗೆ ಹಿಮ್ಮುಖದ ಸಣ್ಣ ಗರಗಸವಿರುತ್ತದೆ. ಅದು ಮುಂದಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ನಾಯಿಯ ಕಿವಿಯ ಕೊಳವೆಯೂ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. "ಇನ್ನು ನಾಲ್ಕು ದಿನ ಬಿಟ್ಟಿದ್ದರೆ ತಮಟೆ ತೂತಾಗುತ್ತಿತ್ತು" ಎಂದರು ವೈದ್ಯರು. ಮಗಳು ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ.

ಅಂದು ಸಂಜೆ ಅಮ್ಮ ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹೆಣ್ಣುಮಕ್ಕಳ ತಲೆ ಬಾಚಿ ಗೊತ್ತಿಲ್ಲದವನು ಜಡೆ ನಾಯಿ ಸಾಕಬಾರದು ಕಣೋ" ಎಂದು ಹೇಳಿ, ಹಳೇ ಸೀರೆ ಹಾಸಿ ಕಿವಿಯನ್ನು ಮುಂದೆ ಕೂರಿಸಿಕೊಂಡಳು. ಮೂವರು ಹೆಣ್ಣುಮಕ್ಕಳ ಜಡೆ ಹೆಣೆದ ಕೈ. ಸಿಕ್ಕಿನ ಬುಡವನ್ನು ಎಡಗೈ ಬೆರಳಲ್ಲಿ ಹಿಡಿದು, ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಬುಡಕ್ಕೆ ಬರುವುದು. ಆಗ ಚರ್ಮಕ್ಕೆ ಜಗ್ಗುವುದಿಲ್ಲ. ಬಿಡದ ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಉಜ್ಜುವುದು. ಕೊನೆಗೆ ಸೀರಣಿಗೆ. ಅದರಲ್ಲಿ ಮಳೆಗಾಲದ ಉಣುಗೂ ಸಿಕ್ಕಿಬೀಳುತ್ತದೆ. ದೆಹಲಿಯ ಉಣುಗು ನಾಯಿಗೆ ಪ್ರಾಣಾಂತಿಕ ಜ್ವರ ತರಬಲ್ಲದ್ದರಿಂದ ಇದು ಬರಿಯ ಅಲಂಕಾರವಲ್ಲ.

ಇವಿಷ್ಟೂ ಸ್ನಾನಕ್ಕೆ ಮುಂಚೆ ಆಗಬೇಕು. ನೀರು ಬಿದ್ದ ಸಿಕ್ಕು ಇನ್ನೂ ಬಿಗಿಯುತ್ತದೆ. ಗಂಟನ್ನು ಕತ್ತರಿಯಿಂದ ಬುಡದಲ್ಲೇ ಕತ್ತರಿಸುವುದು ಬೇಡ. ಗಂಟಿನೊಡನೆ ಎದ್ದುಬಂದ ಚರ್ಮವೂ ತುಂಡಾದೀತು. ನಮ್ಮ ಶಾಂಪೂ ಬೇಡ. ನಮ್ಮ ಚರ್ಮದಷ್ಟು ಆಮ್ಲಗುಣ ಅದರದಕ್ಕಿಲ್ಲ. ಮೇ ತಿಂಗಳಲ್ಲಿ ಪಾಪ ಸೆಕೆಯೆಂದು ಪೂರಾ ಬೋಳಿಸಬೇಕೆನ್ನಿಸುತ್ತದೆ. ನಾಯಿಗೆ ತಂಪಾಗುವುದು ಹೆಚ್ಚಾಗಿ ತೇಕುವುದರಿಂದ. ಕೂದಲು ಬಿಸಿಲಿಗೆ ಮರೆಯೂ ಹೌದು. ಹೊಟ್ಟೆಯ ಕೆಳಗೆ, ಪಾದದಡಿ ಸವರಿದರೆ ಸಾಕು. ಕಿವಿಯೊಳಗೆ ವೈದ್ಯರು ಕೊಟ್ಟ ದ್ರವ, ಬೆರಳಿಗೆ ಸುತ್ತಿದ ಹತ್ತಿ, ಕಣ್ಣಿಗೆ ಕಾಣುವಷ್ಟು ದೂರ ಮಾತ್ರ, ಕಡ್ಡಿ ಹಾಕಬೇಡಿ. ಊಟದ ಹೊತ್ತಿಗೆ ಕಿವಿಗಳು ಸಾರಿನಲ್ಲಿ ಅದ್ದದಂತೆ ಅಮ್ಮ ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ಮುಸುಕು ಮಾಡಿದ್ದಾಳೆ. ಅದನ್ನು ತೊಟ್ಟ ಕಿವಿ ಥೇಟ್ ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಜನವರಿಯಲ್ಲಿ ಮಫ್ಲರ್ ಸುತ್ತಿ ಬಂದಂತಿರುತ್ತದೆ. (ಅವರು ಕನ್ನಡಿಗರಲ್ಲ, ಧೈರ್ಯವಾಗಿ ಬರೆದಿದ್ದೇನೆ.)

ಗುಮಾಸ್ತನಾದ್ದರಿಂದ ಒಂದು ಮಾತು: ನಾಯಿಯ ನೋಂದಣಿಯ ವಿಧಿ 1957ರ ದೆಹಲಿ ಮಹಾನಗರಪಾಲಿಕೆ ಕಾಯಿದೆಯ 399ನೆಯ ಕಲಮಿನಲ್ಲೇ ಇದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿಯನ್ನು ಜೋಪಾನವಾಗಿಡಿ.

ಕಿವಿಯ ಎಡಗಿವಿ ಪೂರ್ತಿ ವಾಸಿಯಾಗಲು ಆರು ವಾರ ಹಿಡಿಯಿತು. ಈಗ ಭಾನುವಾರ ಬೆಳಗ್ಗೆ ಸೀರಣಿಗೆಯ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೇ ಅದು ಒಳಕೋಣೆಯಿಂದ ಓಡಿಬಂದು ಹಳೇ ಸೀರೆಯ ಮೇಲೆ ಕೂರುತ್ತದೆ. ದೇವರ ಮನೆಯ ಬಾಗಿಲು ಮಾತ್ರ ಅದಕ್ಕೆ ಇಂದಿಗೂ ನಿಷಿದ್ಧ. ಮೊನ್ನೆ ಬಾಚುವ ನಡುವೆ ಊರಿನಿಂದ ಚಿಕ್ಕಮ್ಮನ ಫೋನು ಬಂತು. "ಏನು ಮಾಡ್ತಿದ್ದೀಯಕ್ಕ?" ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ಅಮ್ಮ ನನ್ನ ಕಡೆಗೊಮ್ಮೆ ನೋಡಿ, "ಮೊಮ್ಮಗಳಿಗೆ ತಲೆ ಬಾಚ್ತಿದ್ದೀನಿ ಕಣೇ" ಎಂದಳು.