ಪುಟ್ಟ ಎಂಜಿನಿಗೆ ಹೊಗೆ ಬೇಕೆ?

ವಿಜ್ಞಾನ ಮೇಳ, ವೃತ್ತಿ ಪರಿಚಯ ಮೇಳಗಳ ಕಾಲ ಸಮೀಪಿಸಿತೆಂದರೆ ಅನಂತಪುರ, ಕುಂಬಳೆಯ ಆಸುಪಾಸಿನ ಮನೆಗಳ ಜಗಲಿಗಳಲ್ಲಿ ರಟ್ಟು, ಥರ್ಮೋಕೋಲ್, ಅಂಟು, ಬಣ್ಣಗಳು ಹರಡಿಕೊಳ್ಳುತ್ತವೆ. ಮಕ್ಕಳು ಆರಿಸಿಕೊಳ್ಳುವ ಮಾದರಿಗಳಲ್ಲಿ ರೈಲಿಗೆ ಎಂದಿಗೂ ಒಂದು ಸ್ಥಾನವಿದೆ. ಅನಂತಪುರದ ಗುಡ್ಡದಿಂದ ಕೆಲವೇ ಕಿಲೋಮೀಟರು ಇಳಿದರೆ ಕುಂಬಳೆಯ ನಿಲ್ದಾಣ. 1907ರಲ್ಲಿ ಮಂಗಳೂರನ್ನು ಮುಟ್ಟಿದ ಹಳಿ ಹಾದುಹೋಗುವುದು ಅಲ್ಲಿಯೇ. ಈ ಹಳಿಯ ಮೇಲೆ ಮೊದಲು ಉಗಿಬಂಡಿ ಓಡಿತು, ಬಳಿಕ ಡೀಸೆಲ್ ಬಂತು, ಈಗ ತಲೆಯ ಮೇಲೆ ವಿದ್ಯುತ್ ತಂತಿ ಹಾದಿದೆ. ಹಾಗಾಗಿ ಡೀಸೆಲ್ ಎಂಜಿನು ಕಪ್ಪು ಹೊಗೆಯುಗುಳುತ್ತ ಹೊರಡುವ ನೋಟ ಇಂದಿನ ಮಕ್ಕಳಿಗೆ ಹಿರಿಯರ ಬಾಯಿಮಾತಿನಲ್ಲಿ ಮಾತ್ರ ಉಳಿಯುತ್ತ ಬಂದಿದೆ. ಆ ಹೊಗೆಯನ್ನು ತಮ್ಮ ಮಾದರಿಯಲ್ಲಿ ತರಬೇಕೆಂಬ ಆಸೆ ಅವರಿಗೆ ಹುಟ್ಟಿದರೆ ಅದು ಸಹಜವೇ. ಆದರೆ ಹೊಗೆಯನ್ನು ತರುವ ಮೊದಲು, ಅದು ಏಕೆ ಬರುತ್ತಿತ್ತೆಂಬುದನ್ನು ಅರಿಯಬೇಕು.

ನಮ್ಮ ದೇಶದ ಡೀಸೆಲ್ ಯುಗವನ್ನು ದಶಕಗಳ ಕಾಲ ಹೊತ್ತದ್ದು ‘ಡಬ್ಲ್ಯುಡಿಎಂ-2’ ಎಂಬ ಎಂಜಿನು. ಅಮೆರಿಕದ ಆಲ್ಕೋ ಕಂಪೆನಿಯ ವಿನ್ಯಾಸವಾದ ಇದು 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿ, ಚಾಲಕನ ಕೈಯ ಹಿಡಿಕೆಗೆ ಎಂಟು ಮೆಟ್ಟಿಲು. ಸಿಲಿಂಡರುಗಳಿಗೆ ಹೆಚ್ಚಿನ ಗಾಳಿಯನ್ನು ತುರುಕಲು ಅದರಲ್ಲಿ ಟರ್ಬೋಚಾರ್ಜರ್ ಎಂಬ ಚಕ್ರವಿರುತ್ತದೆ. ಎಂಜಿನಿನಿಂದ ಹೊರಬೀಳುವ ಬಿಸಿ ಅನಿಲವೇ ಆ ಚಕ್ರವನ್ನು ತಿರುಗಿಸಬೇಕು. ಚಾಲಕನು ಹಿಡಿಕೆಯನ್ನು ಒಂದು ಮೆಟ್ಟಿಲು ಏರಿಸಿದೊಡನೆ ಎಣ್ಣೆ ಹೆಚ್ಚುತ್ತದೆ. ಚಕ್ರವು ವೇಗ ಪಡೆದು ತಕ್ಕಷ್ಟು ಗಾಳಿ ಒದಗಿಸಲು ಮಾತ್ರ ಕೆಲವು ಕ್ಷಣಗಳು ಬೇಕು. ಆ ನಡುವಿನ ಕ್ಷಣಗಳಲ್ಲಿ ಎಣ್ಣೆ ಪೂರ್ತಿ ಉರಿಯದೆ ಮಸಿಯಾಗಿ ಹೊರಬರುತ್ತದೆ. ನಾವು ಕಾಣುತ್ತಿದ್ದ ಕಪ್ಪು ಹೊಗೆ ಅದೇ.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಬಚ್ಚಲೊಲೆಯೇ ಸಾಕು. ಉರಿಯುವ ಒಲೆಗೆ ಒಮ್ಮೆಲೇ ತೆಂಗಿನ ಸಿಪ್ಪೆಯನ್ನೂ ಅಡಕೆ ಸೋಗೆಯನ್ನೂ ತುಂಬಿದರೆ ಹೊಗೆ ಕವಿಯುತ್ತದೆ. ಊದುಗೊಳವೆಯಿಂದ ನಾಲ್ಕು ಬಾರಿ ಊದಿದರೆ ಜ್ವಾಲೆಯೆದ್ದು ಹೊಗೆ ತಿಳಿಯಾಗುತ್ತದೆ. ಉರುವಲು ಮೊದಲು, ಗಾಳಿ ಆಮೇಲೆ. ಈ ಅಂತರವೇ ಹೊಗೆ. ಆಲ್ಕೋ ಎಂಜಿನಿನ ಊದುಗೊಳವೆ ಸ್ವಲ್ಪ ತಡವಾಗಿ ಊದುತ್ತಿತ್ತು, ಅಷ್ಟೆ. ಎಲ್ಲ ಡೀಸೆಲ್ ಎಂಜಿನುಗಳೂ ಹೀಗಲ್ಲ. ಹುಬ್ಬಳ್ಳಿಯ ಶೆಡ್ಡಿನಲ್ಲಿರುವ ‘ಡಬ್ಲ್ಯುಡಿಪಿ-4’ ಜಾತಿಯ ಎಂಜಿನುಗಳಲ್ಲಿ, ಅನಿಲದ ಬಲ ಸಾಲದಿರುವಾಗ ಟರ್ಬೋ ಚಕ್ರವನ್ನು ಎಂಜಿನೇ ಹಲ್ಲುಗಾಲಿಗಳ ಮೂಲಕ ತಿರುಗಿಸುತ್ತದೆ. ಆದುದರಿಂದ ಅವು ಹೊರಡುವಾಗ ಅಷ್ಟು ಹೊಗೆ ಕಾರುವುದಿಲ್ಲ. ಆ ಮಾದರಿಗೆ ದಟ್ಟ ಹೊಗೆ ಜೋಡಿಸಿದರೆ ಅದು ಅಲಂಕಾರವಾದೀತೇ ಹೊರತು ಸತ್ಯವಾಗದು.

ಇನ್ನು ಆಟಿಕೆ ರೈಲಿನ ಹೊಗೆಯ ವಿಚಾರ. ಅಮೆರಿಕದ ಲಯೊನೆಲ್ ಕಂಪೆನಿ 1946ರಲ್ಲಿ ಹೊಗೆಯುಗುಳುವ ಆಟಿಕೆ ಉಗಿಬಂಡಿಯನ್ನು ಮಾರುಕಟ್ಟೆಗೆ ತಂದಾಗ, ದೀಪದ ಬಲ್ಬಿನ ಬಿಸಿಗೆ ಗುಳಿಗೆಯೊಂದು ಕರಗಿ ಹೊಗೆಯಾಗುತ್ತಿತ್ತು. ಮರುವರ್ಷವೇ ಬಲ್ಬಿನ ಬದಲು ಕಾಯುವ ತಂತಿ ಬಂತು. ಇಂದು ಹವ್ಯಾಸಿಗಳು ಬಳಸುವ ಘಟಕದ ತತ್ತ್ವವೂ ಅದೇ: ಸಣ್ಣ ಕೊಳವೆಯೊಳಗೆ ಕಾಯುವ ತಂತಿ, ಅದಕ್ಕೆ ಕೆಲವೇ ಹನಿ ಶುದ್ಧೀಕರಿಸಿದ ಖನಿಜ ತೈಲ. ಒಗ್ಗರಣೆಯ ಎಣ್ಣೆ ಅತಿಯಾಗಿ ಕಾದಾಗ ಏಳುವ ಬಿಳಿ ಆವಿಯಂತೆ ಇಲ್ಲಿಯೂ ತೈಲವು ಆವಿಯಾಗಿ, ಹೊರಗಿನ ತಂಪಿಗೆ ಸೂಕ್ಷ್ಮ ಹನಿಗಳಾಗಿ ಕಾಣಿಸಿಕೊಳ್ಳುತ್ತದೆ. ನಿಜಾರ್ಥದಲ್ಲಿ ಇದು ಹೊಗೆಯಲ್ಲ, ಮಂಜು. ಹನಿಗಳು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗಿರುತ್ತದೆ; ಮಸಿಯು ಬೆಳಕನ್ನು ಹೀರುವುದರಿಂದ ಕಪ್ಪಗಿರುತ್ತದೆ. ಏನನ್ನೂ ಸುಡದೆ ಕಪ್ಪು ಹೊಗೆ ಬರಲಾರದು. ಪುಟ್ಟ ಎಂಜಿನಿನೊಳಗೆ ಸುಡುವುದು ಸಲ್ಲದು.

ಅಳತೆಯ ತೊಡಕೂ ಉಂಟು. ಸುಮಾರು 17 ಮೀಟರ್ ಉದ್ದದ ಎಂಜಿನನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ 20 ಸೆಂಟಿಮೀಟರ್ ಆಗುತ್ತದೆ. ಕಬ್ಬಿಣವನ್ನು ಹೀಗೆ ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು. ಆದಕಾರಣ ಮಾದರಿಯ ಹೊಗೆ ಊದುಬತ್ತಿಯ ಎಳೆಯಂತೆ ಸೋಮಾರಿಯಾಗಿ ಏಳುತ್ತದೆ. ಉಗಿಬಂಡಿಗೆ ಅದು ಹೇಗೋ ಒಪ್ಪೀತು, ಡೀಸೆಲಿಗೆ ಒಪ್ಪದು. ಡೀಸೆಲ್ ಎಂಜಿನಿನ ಹೊಗೆ ಒತ್ತಡದಿಂದ ಮೇಲಕ್ಕೆ ಚಿಮ್ಮಬೇಕು. ಅದಕ್ಕಾಗಿಯೇ ಡೀಸೆಲ್ ಮಾದರಿಗಳ ಘಟಕಕ್ಕೆ ಪುಟ್ಟ ಫ್ಯಾನನ್ನು ಸೇರಿಸುತ್ತಾರೆ.

ಹೆತ್ತವರು ಗಮನಿಸಬೇಕಾದ ಮಾತು ಇಲ್ಲಿದೆ. ಸೀಮೆಎಣ್ಣೆ, ಡೀಸೆಲ್, ತೆಂಗಿನೆಣ್ಣೆಗಳನ್ನು ಕಾಯುವ ತಂತಿಯ ಮೇಲೆ ಹನಿಸಿ ಹೊಗೆಯೆಬ್ಬಿಸುವ ಪ್ರಯೋಗಕ್ಕೆ ಮಕ್ಕಳನ್ನು ಎಂದೂ ಬಿಡಬಾರದು. ರಟ್ಟಿನ ಎಂಜಿನಿನೊಳಗೆ ಊದುಬತ್ತಿ ಹಚ್ಚಿಡುವುದೂ ಬೆಂಕಿಯೊಡನೆ ಆಟವೇ. ಥರ್ಮೋಕೋಲ್ ಬಿಸಿಗೆ ಕರಗುತ್ತದೆ, ಬೆಂಕಿಗೆ ಉರಿಯುತ್ತದೆ. ಅಂಗಡಿಯಲ್ಲಿ ಕೊಂಡ ಹೊಗೆಯ ಘಟಕಕ್ಕೂ ನಿಯಮಗಳಿವೆ: ಎಣ್ಣೆ ಒಣಗಿದ ಮೇಲೆ ಉರಿಸಿದರೆ ತಂತಿ ಸುಡುತ್ತದೆ, ಪ್ಲಾಸ್ಟಿಕ್ ಹೊದಿಕೆಗೆ ತಗಲಿದರೆ ಹೊದಿಕೆ ಕರಗುತ್ತದೆ, ಮುಚ್ಚಿದ ಕೋಣೆಯಲ್ಲಿ ಬಹುಕಾಲ ನಡೆಸಿದರೆ ಎಣ್ಣೆಯ ಪಸೆ ಉಸಿರಿಗೂ ಸೇರುತ್ತದೆ, ಹಳಿಗೂ ಅಂಟುತ್ತದೆ. ಪಸೆ ಹತ್ತಿದ ಹಳಿಯಲ್ಲಿ ಗಾಲಿ ಜಾರುತ್ತದೆ, ವಿದ್ಯುತ್ತೂ ಸರಿಯಾಗಿ ಹರಿಯದು.

ಶಾಲೆಯ ಮೇಳಕ್ಕೆ ಇದಕ್ಕಿಂತ ಸರಳವಾದ ದಾರಿಯಿದೆ. ನೀರನ್ನು ಅತಿವೇಗದ ಕಂಪನದಿಂದ ಮಂಜಾಗಿಸುವ ಸಣ್ಣ ಬಿಲ್ಲೆಗಳು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತವೆ. ಇವಕ್ಕೆ ಬಿಸಿ ಬೇಡ, ಎಣ್ಣೆ ಬೇಡ. ಹಳಿಯ ಮೇಲೆ ಓಡುವ ನಾಜೂಕಿನ ಮಾದರಿಗೆ ನೀರು ಹಿಡಿಸದು. ಮೊಳದುದ್ದದ ರಟ್ಟಿನ ಎಂಜಿನಿಗೆ ಇದು ಧಾರಾಳ ಸಾಕು. ನೀರಿನ ಬಟ್ಟಲನ್ನು ವಿದ್ಯುತ್ ತಂತಿಗಳಿಂದ ಬೇರ್ಪಡಿಸಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ಯಾನಿಗೆ ಒತ್ತುಗುಂಡಿಯೊಂದನ್ನು ಜೋಡಿಸಬೇಕು. ಎಂಜಿನು ನಿಂತಿರುವಾಗ ಫ್ಯಾನ್ ಸುಮ್ಮನಿರಲಿ. ಹೊರಡುವ ಗಳಿಗೆಯಲ್ಲಿ ಎರಡು ಮೂರು ಸೆಕೆಂಡು ಗುಂಡಿಯೊತ್ತಿದರೆ ಮಂಜು ಚಿಮ್ಮುತ್ತದೆ; ಬಳಿಕ ಕೈ ತೆಗೆದರೆ ತಿಳಿಯಾಗುತ್ತದೆ. ಕಪ್ಪು ಬಣ್ಣದ ಕೊರತೆಯನ್ನು ತುಂಬಲು ಹೊಗೆಗಂಡಿಯ ಸುತ್ತಣ ಮಾಡಿಗೆ ಇದ್ದಿಲ ಪುಡಿಯನ್ನು ಬೆರಳಿನಿಂದ ತೀಡಿದರಾಯಿತು. ಹೊಗೆಯ ಬಣ್ಣವನ್ನು ನಕಲಿಸಲಾಗದಿದ್ದರೂ ಅದರ ನಡೆಯನ್ನು ನಕಲಿಸಬಹುದು.

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿದೆ. ಹಾಗಿರುವಾಗ ಅದನ್ನು ಮಾದರಿಯಲ್ಲಿ ಮೆರೆಸುವುದೇಕೆ ಎಂದು ತೀರ್ಪುಗಾರರು ಕೇಳಿಯಾರು. ಮೆರೆಸುವುದಕ್ಕಲ್ಲ, ವಿವರಿಸುವುದಕ್ಕೆ ಎಂಬ ಉತ್ತರ ಮಗುವಿನ ಬಾಯಲ್ಲಿ ಸಿದ್ಧವಿರಲಿ. ಆ ಕರಿಮೋಡ ಎಂಜಿನಿನ ಪರಾಕ್ರಮವಾಗಿರಲಿಲ್ಲ. ಉರಿಯದೆ ಪೋಲಾದ ಎಣ್ಣೆಯಾಗಿತ್ತು. ಗಾಳಿಯೂ ಎಣ್ಣೆಯೂ ಹೊಂದಿಕೊಳ್ಳದ ಆ ಮೂರು ಸೆಕೆಂಡುಗಳನ್ನು ಗುಂಡಿಯೊತ್ತಿ ತೋರಿಸಿ, ಕಾರಣವನ್ನು ತನ್ನದೇ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಮಗುವಿಗೆ ಬಹುಮಾನ ಬಂದರೂ ಬಾರದಿದ್ದರೂ ವಿದ್ಯೆಯಂತೂ ದಕ್ಕಿತೆಂದೇ ತಿಳಿಯಬೇಕು.