ಗೆರೆ ಗೆರೆಯನ್ನು ದಾಟದಿರಲಿ

ಮಕ್ಕಳೇ, ಓದಲು ಶುರುಮಾಡುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕೂರಿ. ರಬ್ಬರ್ ಕೂಡ ಇರಲಿ, ಬೇಕಾಗುತ್ತದೆ. ಹಾಳೆಯ ಮೇಲ್ಭಾಗದಲ್ಲಿ ಮೂರು ಮನೆ ಬರೆಯಿರಿ. ಕೆಳಗೆ ಮೂರು ಚೌಕ: ಒಂದು ನೀರಿನ ಟ್ಯಾಂಕು, ಒಂದು ಕರೆಂಟಿನ ಕಂಬ, ಒಂದು ಗ್ಯಾಸಿನ ಗೋದಾಮು. ಈಗ ಪ್ರತಿ ಮನೆಗೂ ಈ ಮೂರು ಕಡೆಯಿಂದಲೂ ಒಂದೊಂದು ಗೆರೆ ಎಳೆಯಬೇಕು. ಒಟ್ಟು ಒಂಬತ್ತು ಗೆರೆ. ಗೆರೆ ನೆಟ್ಟಗಿರಬೇಕೆಂದೇನಿಲ್ಲ, ಹಾವಿನಂತೆ ಸುತ್ತಿ ಬಳಸಿ ಹೋದರೂ ಸರಿ. ನಿಯಮ ಒಂದೇ: ಒಂದು ಗೆರೆ ಇನ್ನೊಂದನ್ನು ದಾಟಬಾರದು, ಯಾರ ಮನೆಯನ್ನೂ ತೂರಿಕೊಂಡು ಹೋಗಬಾರದು.

ಎಂಟು ಗೆರೆ ಹೇಗೋ ಬಂದುಬಿಡುತ್ತವೆ. ಒಂಬತ್ತನೆಯದು ಮಾತ್ರ ಎಲ್ಲಿಂದ ಹೊರಟರೂ ದಾರಿಗೆ ಅಡ್ಡ ಗೋಡೆ! ಇಂಗ್ಲೆಂಡಿನ ಪ್ರಸಿದ್ಧ ಒಗಟುಗಾರ ಹೆನ್ರಿ ಡ್ಯೂಡನಿ ತಮ್ಮ 1917ರ ಪುಸ್ತಕದಲ್ಲಿ ಈ ಒಗಟನ್ನು ಸೇರಿಸಿದ್ದಾರೆ. ಆಗಲೇ ಅದು ಹಳೆಯ ಒಗಟಾಗಿತ್ತು.

ಯಾಕೆ ಬರುವುದಿಲ್ಲ? ನಿಧಾನವಾಗಿ ನೋಡೋಣ. ಒಂದನೇ ಮನೆಯಿಂದ ನೀರಿಗೆ, ನೀರಿನಿಂದ ಎರಡನೇ ಮನೆಗೆ, ಅಲ್ಲಿಂದ ಕರೆಂಟಿಗೆ, ಕರೆಂಟಿನಿಂದ ಮೂರನೇ ಮನೆಗೆ, ಅಲ್ಲಿಂದ ಗ್ಯಾಸಿಗೆ, ಗ್ಯಾಸಿನಿಂದ ಮತ್ತೆ ಒಂದನೇ ಮನೆಗೆ ಹೋಗಿ. ಆರು ಗೆರೆಯ ಒಂದು ಬಳೆ ಆಯಿತಲ್ಲ? ಉಳಿದದ್ದು ಮೂರು ಗೆರೆ: ಒಂದನೇ ಮನೆಗೆ ಕರೆಂಟು, ಎರಡನೇ ಮನೆಗೆ ಗ್ಯಾಸು, ಮೂರನೇ ಮನೆಗೆ ನೀರು. ಮೂರೂ ಬಳೆಯ ಎದುರುಬದುರು ಬಿಂದುಗಳನ್ನೇ ಸೇರಿಸಬೇಕು. ಬಳೆಯ ಒಳಗೆ ಇಂಥ ಒಂದು ಗೆರೆಗೆ ಮಾತ್ರ ಜಾಗ, ಎರಡನೆಯದು ಬಂದರೆ ಅಡ್ಡ ಹಾಯುತ್ತದೆ. ಹೊರಗೂ ಹಾಗೆಯೇ, ಒಂದಕ್ಕೆ ಮಾತ್ರ ಜಾಗ. ಒಳಗೊಂದು, ಹೊರಗೊಂದು. ಮೂರನೆಯದು ಎಲ್ಲಿಗೆ ಹೋಗಬೇಕು? ಹಾಗಾಗಿ ಎಷ್ಟೇ ಜಾಣರಾದರೂ ಈ ಚಿತ್ರವನ್ನು ದಾಟುಗೆರೆ ಇಲ್ಲದೆ ಬರೆಯಲಾರರು. ಸೋತೆವೆಂದು ಬೇಜಾರು ಮಾಡಿಕೊಳ್ಳಬೇಡಿ. 'ಆಗುವುದೇ ಇಲ್ಲ' ಎಂದು ಖಚಿತವಾಗಿ ಹೇಳುವುದೂ ಗಣಿತದಲ್ಲಿ ಗೆಲುವೇ.

ಚುಕ್ಕಿಗಳು, ಅವನ್ನು ಸೇರಿಸುವ ಗೆರೆಗಳು. ಇಂಥ ಚಿತ್ರಕ್ಕೆ ಗಣಿತದವರು ಗ್ರಾಫ್ ಎನ್ನುತ್ತಾರೆ. ನೀವು ಚೌಕುಳಿ ಹಾಳೆಯ ಮೇಲೆ ಬರೆಯುವ ಗ್ರಾಫ್ ಬೇರೆ, ಇದು ಬೇರೆ. ಇದು ನಮ್ಮ ಚುಕ್ಕಿ ರಂಗೋಲಿಯ ದಾಯಾದಿ ಅನ್ನಿ. ಆದರೆ ಒಂದು ವ್ಯತ್ಯಾಸವಿದೆ. ರಂಗೋಲಿಯಲ್ಲಿ ಚುಕ್ಕಿ ಇಟ್ಟಲ್ಲೇ ಇರಬೇಕು, ಒಂದು ಜರುಗಿದರೂ ಇಡೀ ಎಳೆ ಕೆಡುತ್ತದೆ. ಗ್ರಾಫಿನಲ್ಲಿ ಚುಕ್ಕಿಯನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. ಯಾವುದಕ್ಕೆ ಯಾವುದು ಸೇರಿದೆ ಎನ್ನುವುದು ಬದಲಾಗದಿದ್ದರೆ ಸಾಕು. ಹಾಗಾದರೆ ಎಲ್ಲಿಟ್ಟರೆ ಚೆನ್ನ? ಈ ಒಂದು ಪ್ರಶ್ನೆಯ ಸುತ್ತ ಒಂದು ಸಂಶೋಧನಾ ಕ್ಷೇತ್ರವೇ ಬೆಳೆದಿದೆ. 1992ರಿಂದ ಜಗತ್ತಿನ ತಜ್ಞರು ವರ್ಷಕ್ಕೊಮ್ಮೆ ಇದಕ್ಕೆಂದೇ ಸಭೆ ಸೇರುತ್ತಾರೆ.

ಗೆರೆ ದಾಟಿದರೆ ಅಂಥದ್ದೇನು ನಷ್ಟ ಎಂದು ಕೇಳುತ್ತೀರಾ? ಅದನ್ನು ಬೆವರು ಸುರಿಸಿ ತಿಳಿದ ಒಬ್ಬರ ಕಥೆ ಹೇಳುತ್ತೇನೆ.

ಪಾಲ್ ತೂರಾನ್ ಹಂಗೆರಿಯ ಗಣಿತಜ್ಞರು. ಹುಟ್ಟಿದ್ದು 1910ರಲ್ಲಿ, ಬುಡಾಪೆಸ್ಟಿನಲ್ಲಿ. ಅವರು ಯಹೂದಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಯಹೂದಿಯಾಗಿ ಹುಟ್ಟಿದ್ದೇ ಅಪರಾಧವಾಗಿತ್ತು. 1944ರ ಮೇ ತಿಂಗಳಿಂದ ಜುಲೈವರೆಗಿನ ಕೆಲವೇ ವಾರಗಳಲ್ಲಿ ಹಂಗೆರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಿದರು. ಹೆಚ್ಚಿನವರು ತಿರುಗಿ ಬರಲಿಲ್ಲ. ಆ ಬೇಸಿಗೆಯಲ್ಲಿ ತೂರಾನ್ ಬುಡಾಪೆಸ್ಟಿನ ಹತ್ತಿರದ ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಬಲವಂತದ ಕೂಲಿ.

ಅಲ್ಲಿ ಇಟ್ಟಿಗೆ ಸುಡುವ ಗೂಡುಗಳಿದ್ದವು, ಇಟ್ಟಿಗೆ ಪೇರಿಸುವ ಅಂಗಳಗಳಿದ್ದವು. ಪ್ರತಿ ಗೂಡಿನಿಂದ ಪ್ರತಿ ಅಂಗಳಕ್ಕೂ ಸಣ್ಣ ಹಳಿ. ಗೂಡಿನ ಹತ್ತಿರ ತಳ್ಳುಬಂಡಿಗೆ ಇಟ್ಟಿಗೆ ತುಂಬಿ ಅಂಗಳಕ್ಕೆ ತಳ್ಳಿಕೊಂಡು ಹೋಗುವುದು ಅವರ ಕೆಲಸ. ಹಳಿಯ ಮೇಲೆ ಬಂಡಿ ಸಲೀಸಾಗಿ ಉರುಳುತ್ತಿತ್ತು. ಆದರೆ ಒಂದು ಹಳಿ ಇನ್ನೊಂದನ್ನು ದಾಟುವ ಜಾಗ ಬಂತೆಂದರೆ ತೊಂದರೆ. ಬಂಡಿ ಎಗರಿ ಹಳಿ ತಪ್ಪುತ್ತಿತ್ತು, ಇಟ್ಟಿಗೆ ಕೆಳಗೆ ಬೀಳುತ್ತಿತ್ತು. ಮತ್ತೆ ಆರಿಸಿ ತುಂಬಬೇಕು. ಬಂಡಿ ತಳ್ಳುತ್ತ ತಳ್ಳುತ್ತ ಅವರಿಗೆ ಹೊಳೆಯಿತು: ದಾಟುಗಳು ಇಷ್ಟೊಂದು ಯಾಕೆ ಬೇಕು? ಇಷ್ಟು ಗೂಡು, ಇಷ್ಟು ಅಂಗಳ ಇದ್ದರೆ, ಕನಿಷ್ಠ ಎಷ್ಟು ದಾಟುಗಳಲ್ಲಿ ಹಳಿ ಹಾಸಬಹುದು?

ನೋಡಿ, ನೀವು ಈಗ ಬಿಡಿಸಿದ ಮನೆ-ನೀರು-ಗ್ಯಾಸಿನ ಒಗಟೇ ಅಲ್ಲವೇ ಇದು? ಮೂರು ಗೂಡು, ಮೂರು ಅಂಗಳ ಎಂದುಕೊಂಡರೆ ಉತ್ತರ ಒಂದು ದಾಟು. ನಿಮಗೆ ಇದು ಆಟ, ಅವರಿಗೆ ದಿನದ ಕೂಲಿಕೆಲಸ. ಆ ಕೆಲಸದ ನಡುವೆಯೂ ತಲೆಯೊಳಗಿನ ಗಣಿತವನ್ನು ಯಾರೂ ಕಸಿದುಕೊಳ್ಳಲಾಗಲಿಲ್ಲ. ತೂರಾನ್ ಯುದ್ಧದಿಂದ ಬದುಕಿ ಬಂದರು, ದೊಡ್ಡ ಹೆಸರು ಮಾಡಿದರು, 1976ರಲ್ಲಿ ತೀರಿಕೊಂಡರು. ಈ ಲೆಕ್ಕಕ್ಕೆ ಇಂದಿಗೂ 'ತೂರಾನರ ಇಟ್ಟಿಗೆ ಕಾರ್ಖಾನೆಯ ಸಮಸ್ಯೆ' ಎಂದೇ ಹೆಸರು.

1952ರಲ್ಲಿ ತೂರಾನ್ ಪೋಲೆಂಡಿಗೆ ಹೋದಾಗ ಈ ಪ್ರಶ್ನೆಯನ್ನು ಅಲ್ಲಿನವರ ಮುಂದಿಟ್ಟರು. ಕಜಿಮಿಯೆಜ್ ಜರಾಂಕಿಯೆವಿಚ್ ಎಂಬ ಗಣಿತಜ್ಞರು ಒಂದು ಸೊಗಸಾದ ಉಪಾಯ ಕೊಟ್ಟರು. ಹಾಳೆಯ ಮೇಲೆ ಸಂಕಲನದ ಚಿಹ್ನೆಯಂತೆ ಎರಡು ರೇಖೆ ಕಲ್ಪಿಸಿಕೊಳ್ಳಿ. ಗೂಡುಗಳನ್ನು ಅಡ್ಡರೇಖೆಯ ಮೇಲೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಇಡಿ. ಅಂಗಳಗಳನ್ನು ನೇರರೇಖೆಯ ಮೇಲೆ ಅರ್ಧ ಮೇಲೆ, ಅರ್ಧ ಕೆಳಗೆ. ನಟ್ಟನಡುವೆ ಏನೂ ಬೇಡ. ಈಗ ಸರಳ ಗೆರೆಗಳಿಂದ ಸೇರಿಸಿ. ನಾಲ್ಕು ಗೂಡು, ನಾಲ್ಕು ಅಂಗಳ ಇಟ್ಟು ನೋಡಿ: ಗೆರೆ ಹದಿನಾರು, ದಾಟು ನಾಲ್ಕೇ ನಾಲ್ಕು, ಮೂಲೆಗೊಂದು. ಅದೇ ಗೂಡುಗಳನ್ನು ಮೇಲೊಂದು ಸಾಲು, ಅಂಗಳಗಳನ್ನು ಕೆಳಗೊಂದು ಸಾಲು ಇಟ್ಟು ನೇರ ಗೆರೆ ಎಳೆದರೆ ದಾಟು ಮೂವತ್ತಾರು!

ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಎಂದೂ ಜರಾಂಕಿಯೆವಿಚ್ ಸಾಧಿಸಿ ತೋರಿಸಿದ್ದರು. ಎಲ್ಲರೂ ಒಪ್ಪಿದ್ದರು. ಅವರು 1959ರಲ್ಲಿ ತೀರಿಕೊಂಡ ಮೇಲೆ ಆ ಸಾಧನೆಯಲ್ಲಿ ಒಂದು ತೂತಿರುವುದು ಬೇರೆಯವರ ಕಣ್ಣಿಗೆ ಬಿತ್ತು. 1970ರಲ್ಲಿ ಅಮೆರಿಕದ ಡೇನಿಯಲ್ ಕ್ಲೈಟ್ಮನ್, ಗೂಡು ಅಥವಾ ಅಂಗಳ ಯಾವುದಾದರೂ ಒಂದು ಆರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕ ಸರಿ ಎಂದು ತೋರಿಸಿದರು. ಎಲ್ಲ ಸಂಖ್ಯೆಗಳಿಗೂ ಸರಿಯೇ? ಇನ್ನೂ ಯಾರೂ ಸಾಧಿಸಿಲ್ಲ. ತಪ್ಪೆಂದೂ ಯಾರೂ ತೋರಿಸಿಲ್ಲ. ಒಬ್ಬ ಕೂಲಿಯಾಳು ಬಂಡಿ ತಳ್ಳುತ್ತ ಕೇಳಿಕೊಂಡ ಪ್ರಶ್ನೆಗೆ ಎಂಬತ್ತು ವರ್ಷ ಕಳೆದರೂ ಪೂರ್ತಿ ಉತ್ತರವಿಲ್ಲ.

ಅದೇ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಇನ್ನೊಬ್ಬ ತರುಣ ಜರ್ಮನರ ಗುಪ್ತಲಿಪಿ ಭೇದಿಸುತ್ತಿದ್ದ. ವಿಲಿಯಂ ಟಟ್ ಎಂದು ಹೆಸರು. ಮುಂದೆ ಕೆನಡಾದಲ್ಲಿ ಪ್ರಾಧ್ಯಾಪಕರಾದರು. 1963ರಲ್ಲಿ ಅವರೊಂದು ಲೇಖನ ಬರೆದರು. ಶೀರ್ಷಿಕೆ ನಿಮ್ಮ ಡ್ರಾಯಿಂಗ್ ಮೇಷ್ಟರು ಕೊಡುವಂಥದ್ದು: 'ಗ್ರಾಫ್ ಬರೆಯುವುದು ಹೇಗೆ?' ಅವರ ವಿಧಾನ ಇದು. ಹೊರಸುತ್ತಿನ ಚುಕ್ಕಿಗಳನ್ನು ಮೊಳೆ ಹೊಡೆದು ನಿಲ್ಲಿಸಿ. ಗೆರೆಗಳೆಲ್ಲ ರಬ್ಬರ್ ಬ್ಯಾಂಡ್ ಎಂದುಕೊಳ್ಳಿ. ಒಳಗಿನ ಪ್ರತಿ ಚುಕ್ಕಿಯೂ ತನ್ನ ನೆರೆಹೊರೆಯವರ ನಡುವೆ, ಅವರೆಲ್ಲರ ಸ್ಥಾನದ ಸರಾಸರಿಯಲ್ಲಿ, ತಾನಾಗಿ ಬಂದು ನಿಲ್ಲುತ್ತದೆ. ದಾಟಿಲ್ಲದೆ ಬರೆಯಲು ಬರುವ, ಚೆನ್ನಾಗಿ ಹೆಣೆದುಕೊಂಡ ಗ್ರಾಫಾದರೆ, ಒಂದು ಗೆರೆಯೂ ಇನ್ನೊಂದನ್ನು ದಾಟುವುದಿಲ್ಲ. ಇದು ನನಗೆ ಬಹಳ ಹಿಡಿಸಿತು. ಬಿ.ಕಾಂ. ಓದಿದವನಿಗೆ ಸರಾಸರಿ ಎಂದರೆ ಮನೆಯ ಮಾತು.

1984ರಲ್ಲಿ ಆಸ್ಟ್ರೇಲಿಯಾದ ಪೀಟರ್ ಈಡ್ಸ್ ರಬ್ಬರ್ ಬ್ಯಾಂಡಿನ ಬದಲು ಸ್ಪ್ರಿಂಗ್ ತಂದರು. ಚುಕ್ಕಿಗಳೆಲ್ಲ ಉಕ್ಕಿನ ಉಂಗುರ, ಗೆರೆಗಳೆಲ್ಲ ಸ್ಪ್ರಿಂಗ್. ಸಂಬಂಧವಿಲ್ಲದ ಉಂಗುರಗಳು ಒಂದನ್ನೊಂದು ದೂರ ತಳ್ಳುತ್ತವೆ. ಹೇಗೋ ಒಂದು ರೀತಿ ಹರಡಿ ಕೈಬಿಟ್ಟರೆ, ಜಗ್ಗಾಡಿ ಜಗ್ಗಾಡಿ ಕೊನೆಗೆ ಒಂದು ನೆಮ್ಮದಿಯ ಆಕಾರಕ್ಕೆ ಬರುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡುತ್ತಾರೆ. ಈಗ ಪತ್ರಿಕೆ, ಟಿ.ವಿ.ಗಳಲ್ಲಿ ಜೇಡರ ಬಲೆಯಂಥ ಚಿತ್ರ ಕಂಡರೆ, ಅದರ ಹಿಂದೆ ಸಾಮಾನ್ಯವಾಗಿ ಇಂಥದ್ದೇ ಉಪಾಯ ಇರುತ್ತದೆ.

ದಾಟುಗೆರೆ ನಿಜಕ್ಕೂ ತೊಂದರೆಯೇ ಎಂದು ಜನರನ್ನೇ ಪರೀಕ್ಷಿಸಿದವರು ಹೆಲೆನ್ ಪರ್ಚೇಸ್. ಒಂದೇ ಗ್ರಾಫನ್ನು ಬೇರೆಬೇರೆ ರೀತಿ ಬರೆದು ಕೊಟ್ಟು ಪ್ರಶ್ನೆ ಕೇಳಿದರು. ಅವರ 1997ರ ಲೇಖನದ ಸಾರ: ಓದುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ದಾಟುಗಳೇ. ಅಂದರೆ ಬಂಡಿ ಮಾತ್ರವಲ್ಲ, ದಾಟು ಬಂದಲ್ಲಿ ನಮ್ಮ ಕಣ್ಣೂ ಹಳಿ ತಪ್ಪುತ್ತದೆ.

ಮನೆಯ ದೊಡ್ಡವರಿಗೆ ಒಂದು ಮಾತು. ಬ್ಯಾಂಕಿನಲ್ಲಿ ನಮಗೆ 'ಗಾಳಿಪಟ ಹಾರಿಸುವುದು' ಎಂಬ ಮಾತು ಚಿರಪರಿಚಿತ. ಇವನು ಅವನಿಗೆ ಚೆಕ್ಕು ಕೊಡುತ್ತಾನೆ, ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೆ ಮೊದಲನೆಯವನಿಗೆ. ಯಾರ ಬಳಿಯೂ ದುಡ್ಡಿಲ್ಲ, ಆದರೆ ಮೂರು ಖಾತೆಗಳಲ್ಲೂ ವಹಿವಾಟು ಭರ್ಜರಿ. ಲೆಡ್ಜರಿನ ಒಂದೊಂದೇ ಪುಟ ನೋಡಿದರೆ ಮೂವರೂ ಸಭ್ಯರು. ಖಾತೆಗೊಂದು ಚುಕ್ಕಿ, ಚೆಕ್ಕಿಗೊಂದು ಬಾಣ ಹಾಕಿ ನೋಡಿ, ಬಳೆ ಕಾಣುತ್ತದೆ. ಹಾಳೆಯ ಹಿಂಬದಿಯಲ್ಲಿ ನಾವು ಪೆನ್ಸಿಲಿನಿಂದ ಹೀಗೆ ಗೀಚುತ್ತಿದ್ದೆವು. ಈಗ ಲಕ್ಷಗಟ್ಟಲೆ ಖಾತೆಗಳ ನಡುವೆ ಇಂಥ ಬಳೆ ಹುಡುಕಲು ಕಂಪ್ಯೂಟರ್ ಚಿತ್ರಗಳೇ ಬೇಕು.

ಆದರೆ ಚಿತ್ರವನ್ನು ಪೂರ್ತಿ ನಂಬಲೂ ಬೇಡಿ. ಲಂಡನ್ನಿನ ಭೂಗತ ರೈಲಿನ ನಕ್ಷೆಯನ್ನು 1931ರಲ್ಲಿ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಬಿಡುವಿನ ವೇಳೆಯಲ್ಲಿ ಬರೆದರು. ದೂರ ಎಷ್ಟು ಎಂಬುದನ್ನು ಕೈಬಿಟ್ಟು, ಅಡ್ಡ, ನೇರ, ಓರೆ ಗೆರೆ ಮಾತ್ರ ಇಟ್ಟುಕೊಂಡರು. ಮೊದಲು ಬೇಡವೆಂದವರೇ 1933ರಲ್ಲಿ ಅಚ್ಚು ಹಾಕಿಸಿದರು, ಜನ ಮೆಚ್ಚಿದರು. ನಮ್ಮ ಮೆಟ್ರೋ ನಕ್ಷೆಯೂ ಅದೇ ವಂಶದ್ದು. ಅದರಲ್ಲಿ ಬೆರಳಗಲ ದೂರದಲ್ಲಿದೆ ಎಂದು ಮುಂದಿನ ನಿಲ್ದಾಣಕ್ಕೆ ನಡೆದು ಹೊರಟರೆ ಕಾಲು ಲೆಕ್ಕ ಹೇಳುತ್ತದೆ! ಆ ನಕ್ಷೆಯಲ್ಲಿ ಇನ್ನೂ ಒಂದು ಪಾಠವಿದೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಗೆರೆ ಹಸಿರು ಗೆರೆಯನ್ನು ದಾಟುತ್ತದೆ. ಕಾಗದದ ಮೇಲೆ ದಾಟು, ನೆಲದೊಳಗೆ ಮಾತ್ರ ಒಂದರ ಕೆಳಗೆ ಇನ್ನೊಂದು ಮಾರ್ಗ. ನಿಮ್ಮ ಅಪ್ಪನ ಮೊಬೈಲಿನ ಒಳಗಿನ ಹಲಗೆಯಲ್ಲೂ ಹೀಗೆಯೇ. ದಾಟಿ ತಗುಲಿದರೆ ಶಾರ್ಟ್ ಆಗುವ ತಂತಿಗೆರೆಗಳನ್ನು ಪದರ ಪದರವಾಗಿ ಹಾಸಿರುತ್ತಾರೆ. ತೂರಾನರ ಕಾರ್ಖಾನೆಯಲ್ಲಿ ಎರಡನೇ ಪದರ ಇರಲಿಲ್ಲ, ಅಷ್ಟೇ.

ಈ ವಾರದ ಮನೆಗೆಲಸ. ಒಂದು: ಐದು ಊರುಗಳಿವೆ, ಪ್ರತಿ ಊರಿಗೂ ಉಳಿದೆಲ್ಲ ಊರಿಂದ ನೇರ ರಸ್ತೆ ಬೇಕು. ಒಟ್ಟು ಹತ್ತು ರಸ್ತೆ, ಕನಿಷ್ಠ ಎಷ್ಟು ದಾಟು? ರಸ್ತೆ ವಕ್ರವಾಗಿದ್ದರೂ ಸರಿ. ಎರಡು, ಸ್ವಲ್ಪ ದೊಡ್ಡವರಿಗೆ: ನಾಲ್ಕು ಗೂಡು, ಐದು ಅಂಗಳ. ಜರಾಂಕಿಯೆವಿಚ್ ಹೇಳಿದಂತೆ ಇಟ್ಟರೆ ಎಷ್ಟು ದಾಟು ಬರುತ್ತದೆ? ಬರೆದು ಎಣಿಸಿ, ಊಹಿಸಬೇಡಿ. ಉತ್ತರ ಮುಂದಿನ ವಾರ.