ಪಿಜ್ಜಾ ತಿನ್ನಿ, ಹಿಟ್ಟು ಕೇಳಿ ತಿನ್ನಿ

ಮೊನ್ನೆ ಸಂಜೆ ಅಬ್ಬಿಗೆರೆಯಲ್ಲಿ ಬಸ್ಸಿಳಿದವನೇ ಬೇಕರಿಯೊಂದಕ್ಕೆ ಹೋದೆ. ಮಗಳಿಗೆ ಪಿಜ್ಜಾ ಬೇಕಂತೆ. ‘ರಾಗಿ ಬೇಸ್ ಸಾರ್, ಆರೋಗ್ಯಕ್ಕೆ ಒಳ್ಳೇದು’ ಅಂದರು. ಪೊಟ್ಟಣ ತಿರುಗಿಸಿ ನೋಡಿದರೆ ಮೊದಲ ಹೆಸರೇ ಮೈದಾ! ರಾಗಿ ಎಲ್ಲೋ ಕೊನೆಯಲ್ಲಿ. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನೇ ಮೊದಲು ಬರೆಯಬೇಕೆಂಬುದು ಕಾನೂನು. ಅಂದಮೇಲೆ ಬಣ್ಣ ನೋಡಿ ಮರುಳಾಗೋದು ಯಾಕೆ?

ಪಿಜ್ಜಾ ನಮಗೇನೂ ಹೊಸದಲ್ಲ. ಪಿಜ್ಜಾ ಹಟ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದೇ ಬೆಂಗಳೂರಿನಲ್ಲಿ, 1996ರಲ್ಲಿ. ತಿನ್ನಬೇಡಿ ಅಂದರೆ ಮಕ್ಕಳು ಕೇಳ್ತಾರೆಯೇ? ಮನೆಯಲ್ಲೇ ಮಾಡಿ. ಅರ್ಧ ಗೋಧಿ, ಅರ್ಧ ರಾಗಿ. ಬರೀ ರಾಗಿಗೆ ಜಿಗುಟಿಲ್ಲ, ಒಡೆಯುತ್ತದೆ. ಮೊಸರು ಹಾಕಿ ಕಲಸಿ, ದಪ್ಪಗೆ ಲಟ್ಟಿಸಿ, ಕಾವಲಿಯ ಮೇಲೆ ಒಂದು ಮಗ್ಗುಲು ಬೇಯಿಸಿ ಮಗುಚಿ. ಮೇಲೆ ಟೊಮೆಟೊ, ಈರುಳ್ಳಿ, ದಪ್ಪ ಮೆಣಸಿನಕಾಯಿ. ಚೀಸ್ ಒಂದು ಹಿಡಿ ಸಾಕು. ಮುಚ್ಚಳ ಮುಚ್ಚಿ, ಚೀಸ್ ಕರಗುವವರೆಗೆ ಸಣ್ಣ ಉರಿ. ಬೇರೆ ಉಪ್ಪು ಬೇಡ, ಚೀಸ್‌ನಲ್ಲೇ ಇದೆ. ದೊಡ್ಡವರಿಗೂ ದಿನದ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಂಗಡಿಯವರಿಗೆ ಒಂದು ಮಾತು. ಮೈದಾ ಮಾರಿ, ಬೇಡ ಅನ್ನೋದಿಲ್ಲ. ರಾಗಿ ಅಂತ ಹೇಳಿ ಮಾರಬೇಡಿ. ಸಕ್ಕರೆ ಕಾಯಿಲೆಯವರು ನಿಮ್ಮ ಮಾತು ನಂಬಿ ಕೊಳ್ಳುತ್ತಾರೆ, ಸ್ವಾಮಿ.